ಹಳೆಯ ಮೇನ್‌ಫ್ರೇಮ್ ಸಿಸ್ಟಂಗೆ ಗೊತ್ತಿಲ್ಲದ ಟೇಪ್ ಡ್ರೈವ್ ಇದ್ದರೂ ಅದು ಹೊಸ ಸಿಸ್ಟಂ ಜೊತೆ ಒಂದೇ ಕಾನ್ಫಿಗರೇಶನ್ ಫೈಲ್ ಹಂಚಿಕೊಳ್ಳಬಹುದೇ?

ಖಂಡಿತ ಹಂಚಿಕೊಳ್ಳಬಹುದು. ಐಬಿಎಂ ಮೇನ್‌ಫ್ರೇಮ್‌ಗಳ ಆಪರೇಟಿಂಗ್ ಸಿಸ್ಟಂ (ಓಎಸ್) ಆದ ಝಡ್/ಓಎಸ್‌ನಲ್ಲಿ ಸಾಧನಗಳ ವಿವರವೆಲ್ಲ ಐಓಡಿಎಫ್ ಎಂಬ ಫೈಲ್‌ನಲ್ಲಿರುತ್ತದೆ. ಫೈಲ್ ಒಂದೇ ಇರಲಿ. ಅದರೊಳಗೆ ಹಳೆಯ ಸಿಸ್ಟಂಗೊಂದು, ಹೊಸದಕ್ಕೊಂದು ಓಎಸ್ ಕಾನ್ಫಿಗರೇಶನ್ ಮಾಡಿ, ಹಳೆಯದರಿಂದ ಹೊಸ ಡ್ರೈವ್ ಬಿಟ್ಟುಬಿಡಿ.

ಸಿಸ್ಟಂ ಶುರುವಾಗುವಾಗ ತನಗೆ ಹೇಳಿದ ಕಾನ್ಫಿಗರೇಶನ್‌ನಲ್ಲಿರುವ ಸಾಧನಗಳಿಗಷ್ಟೇ ಯುಸಿಬಿ ಕಟ್ಟಿಕೊಳ್ಳುತ್ತದೆ. ಯುಸಿಬಿ ಅಂದರೆ ಮೆಮೊರಿಯಲ್ಲಿ ಆ ಸಾಧನದ ಗುರುತಿನ ಚೀಟಿ ಅಂದುಕೊಳ್ಳಿ. ಅದನ್ನು ಕಟ್ಟಲು ಆಯಾ ಬಗೆಯ ಸಾಧನಕ್ಕೆ ಯುಐಎಂ ಎಂಬ ಮಾಡ್ಯೂಲ್ ಬೇಕು. ಹಳೆಯ ಸಿಸ್ಟಂನಲ್ಲಿ ಆ ಮಾಡ್ಯೂಲ್ ಇಲ್ಲದಿದ್ದರೆ ಚೀಟಿಯೂ ಇಲ್ಲ, ಡ್ರೈವೂ ಇಲ್ಲ. ಸಿಸ್ಟಂ ಶುರುವಾಗುವಾಗ ಯಾವ ಕಾನ್ಫಿಗರೇಶನ್ ಬಳಸಬೇಕೆಂದು ಹೇಳುವ ಲೋಡ್ ಮೆಂಬರ್ ತೆರೆದು ಐಓಡಿಎಫ್ ಸಾಲು ನೋಡಿ: ಫೈಲ್‌ನ ಸಂಖ್ಯೆ ಎರಡೂ ಕಡೆ ಒಂದೇ, ಅದೇ ಸಾಲಿನ ಕಾನ್ಫಿಗರೇಶನ್ ಹೆಸರು ಮಾತ್ರ ಬೇರೆ.

ಫೈಲ್ ತಿದ್ದುವುದನ್ನು ಮಾತ್ರ ದಯವಿಟ್ಟು ಹೊಸ ಸಿಸ್ಟಂನಿಂದಲೇ ಮಾಡಿ. ಎಲ್ಲ ಬಗೆಯ ಸಾಧನಗಳ ಮಾಡ್ಯೂಲ್‌ಗಳು ಇರುವುದು ಅಲ್ಲೇ.

ಐಬಿಎಂನ 3592 ಟೇಪ್ ಡ್ರೈವ್‌ಗಳಲ್ಲಿ ಈ ತಾಪತ್ರಯ ಕಡಿಮೆ, ಅವು ಝಡ್/ಓಎಸ್‌ಗೆ ಹಳೆಯ 3590 ಡ್ರೈವ್ ಎಂದೇ ಕಾಣುತ್ತವೆ. ಆದರೆ ಹೊಸ ಮಾದರಿಯ ಫಾರ್ಮ್ಯಾಟ್‌ನಲ್ಲಿ ಬರೆದ ಟೇಪ್ ಕಾರ್ಟ್ರಿಡ್ಜನ್ನು ಹಳೆಯ ಡ್ರೈವ್ ಓದಲಾರದು.