ತೋಟದ ಪತ್ರ ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇರಲಿ

ಓದುಗರ ಪತ್ರ: ನನ್ನ ಮಗನಿಗೆ 24 ವರ್ಷ. ಬೈಕಿನಿಂದ ಬಿದ್ದು ಮೊಣಕಾಲ ಕೆಳಗಿನ ಮೂಳೆ ಚೂರಾಯಿತು. ರಾಡು ಹಾಕಿ 14 ತಿಂಗಳಾದರೂ ಕೂಡಿಲ್ಲ. ಎಕ್ಸ್‌ರೇಯಲ್ಲಿ ನಡುವೆ ಸಂದು ಕಾಣುತ್ತದೆ. ಸ್ಟೆಮ್ ಸೆಲ್ ಬೆರೆಸಿದ ಜೆಲ್ ಹಾಕಿದರೆ ಹೊಸ ಮೂಳೆ ಬೆಳೆಯುತ್ತದೆ ಎಂದು ಒಂದು ಕ್ಲಿನಿಕ್‌ನವರು ಹೇಳುತ್ತಾರೆ. ಅಡಿಕೆ ತೋಟ ಅಡ ಇಟ್ಟಾದರೂ ಮಾಡಿಸಬೇಕೆಂದಿದ್ದೇನೆ. ಇದು ನಿಜವೇ?
- ತೀರ್ಥಹಳ್ಳಿ ಕಡೆಯ ಓದುಗರು

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಪತ್ರ ಓದಿ ಮನಸ್ಸಿಗೆ ತುಂಬ ಕಷ್ಟವಾಯಿತು. ಮೊದಲು ಒಂದು ಮಾತು. ತೋಟ ಅಡ ಇಡಬೇಡಿ. ಆ ಕ್ಲಿನಿಕ್‌ನವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ಹಂತಕ್ಕೆ ಅದು ಇನ್ನೂ ಬಂದಿಲ್ಲ.

ಚರ್ಮ ಸೀಳಿದರೆ ಕಲೆ ಉಳಿಯುತ್ತದೆ. ಮೂಳೆ ಮುರಿದರೆ ಮೂಳೆಯೇ ಬೆಳೆದು ಕೂಡುತ್ತದೆ. ಆ ಕೆಲಸ ಮಾಡುವ ಕೋಶಗಳು ಮೂಳೆಯೊಳಗಿನ ಮಜ್ಜೆಯಲ್ಲೂ ಇವೆ. ಹೀಗೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶವನ್ನೇ ಸ್ಟೆಮ್ ಸೆಲ್ ಅನ್ನುವುದು. ಇದನ್ನು ಮೊದಲು ತೋರಿಸಿದವರಲ್ಲಿ ಸೋವಿಯತ್ ವಿಜ್ಞಾನಿ ಫ್ರೀಡೆನ್‌ಸ್ಟೈನ್ ಮುಖ್ಯರು. ಫ್ರಾನ್ಸಿನ ಡಾಕ್ಟರ್ ಹೆರ್ನಿಗು ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರಲ್ಲಿ ಕೋಶಗಳು ದಟ್ಟವಾಗುವಂತೆ ಮಾಡಿ, ಕೂಡದ ಕಾಲಿನ ಮೂಳೆಗೆ ಸೂಜಿಯಲ್ಲಿ ಹಾಕಿದರು. 2005ರಲ್ಲಿ ಅವರು ಕೊಟ್ಟ ಲೆಕ್ಕದಲ್ಲಿ 60 ಜನರಲ್ಲಿ 53 ಮಂದಿಗೆ ಮೂಳೆ ಕೂಡಿತ್ತು. ಕೂಡದ 7 ಜನರಿಗೆ ಹೋಗಿದ್ದ ಕೋಶಗಳೇ ಕಡಿಮೆ. ಅದರಲ್ಲಿ ಜೆಲ್ ಇರಲಿಲ್ಲ ಎಂಬುದನ್ನು ಗಮನಿಸಿ.

ಹಾಗಾದರೆ ಜೆಲ್ ಯಾಕೆ? ದ್ರವದಲ್ಲಿ ಬಿಟ್ಟ ಕೋಶಗಳು ಹರಿದುಹೋಗುತ್ತವೆ. ಅವಕ್ಕೆ ಕೂರಲು ಜಾಗ ಬೇಕು. ಕಾಮಕಸ್ತೂರಿ ಬೀಜ ನೀರಿಗೆ ಹಾಕಿದರೆ ಸುತ್ತ ಲೋಳೆ ಕಟ್ಟುತ್ತದೆ ಅಲ್ವಾ? ಹೈಡ್ರೋಜೆಲ್ ಅಂದರೆ ಅದೇ: ನೀರನ್ನು ಹಿಡಿದಿಟ್ಟುಕೊಂಡ ಬಲೆ. ಬಳ್ಳಿಗೆ ಚಪ್ಪರ ಇದ್ದ ಹಾಗೆ ಕೋಶಗಳಿಗೆ ಇದು. ಮೂಳೆ ಬೆಳೆದಂತೆ ಚಪ್ಪರ ತಾನೇ ಕರಗಬೇಕು. ಬೇಗ ಕರಗಿದರೆ ಕೋಶಗಳಿಗೆ ಆಸರೆ ತಪ್ಪುತ್ತದೆ, ತಡವಾದರೆ ಅದೇ ಅಡ್ಡ ಬರುತ್ತದೆ.

ನನಗೆ ತುಂಬ ಹಿಡಿಸಿದ ಸಂಗತಿ ಒಂದಿದೆ. 2006ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎಂಗ್ಲರ್, ಡಿಷರ್ ಮತ್ತು ಜೊತೆಗಾರರು ಮಜ್ಜೆಯ ಕೋಶಗಳನ್ನು ಬೇರೆಬೇರೆ ಗಡಸುತನದ ಜೆಲ್‌ಗಳ ಮೇಲೆ ಬೆಳೆಸಿದರು. ಕೊಟ್ಟ ಆಹಾರ ಒಂದೇ. ಮಿದುಳಿನಷ್ಟು ಮೆತ್ತಗಿದ್ದಲ್ಲಿ ಅವು ನರಕೋಶದ ದಾರಿ ಹಿಡಿದವು. ಎಳೆ ಮೂಳೆಯಷ್ಟು ಗಟ್ಟಿ ಇದ್ದಲ್ಲಿ ಮೂಳೆಯ ದಾರಿ ಹಿಡಿದವು. ತಾನು ಕೂತ ನೆಲವನ್ನು ಮುಟ್ಟಿ ನೋಡಿಯೇ ಕೋಶ ತಾನೇನಾಗಬೇಕೆಂದು ತಿಳಿಯುತ್ತದೆ! ಅಂದಿನಿಂದ ಜೆಲ್ ಎಂದರೆ ಸುಮ್ನೆ ತುಂಬುವ ಅಂಟಲ್ಲ ಎಂದು ಜಾಸ್ತಿ ಜನರಿಗೆ ಅರ್ಥವಾಯಿತು.

ತೊಡಕು ಇರುವುದು ರಕ್ತದಲ್ಲಿ. ರಕ್ತನಾಳದಿಂದ ಎರಡು ಮೂರು ಕೂದಲೆಳೆಯಷ್ಟು ದೂರ ಹೋದರೆ ಕೋಶಕ್ಕೆ ಆಮ್ಲಜನಕ ಸಾಲುವುದಿಲ್ಲ. ಪ್ರಯೋಗಶಾಲೆಯ ಇಲಿಯ ಮೂಳೆಯ ಸಣ್ಣ ತೂತು ತುಂಬುವುದು ಬೇರೆ, ನಿಮ್ಮ ಮಗನ ಕಾಲಿನ ಸಂದು ತುಂಬುವುದು ಬೇರೆ. ನಡುವೆ ಹಾಕಿದ ಕೋಶಗಳು ರಕ್ತನಾಳ ಬೆಳೆಯುವ ಮುಂಚೆಯೇ ಸಾಯುತ್ತವೆ. ಮೆತ್ತಗಿನ ಜೆಲ್ ಮೈಭಾರವನ್ನೂ ಹೊರುವುದಿಲ್ಲ. ರಾಡೋ ಪ್ಲೇಟೋ ಹೇಗೂ ಬೇಕು.

ನಮ್ಮ ದೇಶದಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಚಿಕಿತ್ಸೆಯೆಂದು ಒಪ್ಪಿದ್ದು ರಕ್ತದ ಕಾಯಿಲೆಗಳಿಗೆ ಮಾಡುವ ಸ್ಟೆಮ್ ಸೆಲ್ ಕಸಿಯನ್ನು ಮಾತ್ರ. ಅದರ ಪ್ರಕಾರ ಉಳಿದದ್ದು ಅನುಮತಿ ಪಡೆದ ಪ್ರಯೋಗದಲ್ಲೇ ನಡೆಯಬೇಕು, ಅದಕ್ಕೆ ರೋಗಿಯಿಂದ ಹಣ ತೆಗೆದುಕೊಳ್ಳುವಂತಿಲ್ಲ. ಆ ಕ್ಲಿನಿಕ್‌ನವರನ್ನು ಕೇಳಿ: ನಿಮ್ಮ ಸಿಟಿಆರ್‌ಐ (ಚಿಕಿತ್ಸಾ ಪ್ರಯೋಗಗಳನ್ನು ದಾಖಲಿಸುವ ಸರ್ಕಾರಿ ಪಟ್ಟಿ) ನೋಂದಣಿ ಸಂಖ್ಯೆ ಯಾವುದು? ಪ್ರಯೋಗದಲ್ಲಿ ರೋಗಿಯ ಹಿತ ಕಾಯುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಎಲ್ಲಿದೆ? ಕಾಗದ ತೋರಿಸದಿದ್ದರೆ ಎದ್ದು ಬನ್ನಿ.

ಹಾಗೆಂದು ಕೈಚೆಲ್ಲಿ ಕೂರಬೇಡಿ. ಸೊಂಟದ ಮೂಳೆ ಕೆತ್ತಿ ಸಂದಿಗೆ ತುಂಬುವ ವಿಧಾನ ಇಂದಿಗೂ ಹೆಚ್ಚು ನಂಬಿಕೆಯದು. ಸಂದು ದೊಡ್ಡದಿದ್ದರೆ ರಷ್ಯಾದ ಕುರ್ಗಾನಿನ ಡಾಕ್ಟರ್ ಇಲಿಜರೋವ್ ಕಂಡುಹಿಡಿದ, ಕಾಲಿನ ಹೊರಗಿಂದ ತಂತಿಗಳಲ್ಲಿ ಮೂಳೆಗೆ ಬಿಗಿಯುವ ಲೋಹದ ಬಳೆಗಳಿವೆ. ಚೆನ್ನಾಗಿರುವ ಕಡೆ ಮೂಳೆ ಕತ್ತರಿಸಿ, ಆ ತುಂಡನ್ನು ಸಂದಿನ ಕಡೆಗೆ ದಿನಕ್ಕೆ 1 ಮಿಲಿಮೀಟರಿನಂತೆ ಸರಿಸಿದರೆ ಹಿಂದೆ ಹೊಸ ಮೂಳೆ ತುಂಬುತ್ತಾ ಬರುತ್ತದೆ. ತಿಂಗಳುಗಟ್ಟಲೆ ನೋವಿನ ಕೆಲಸ, ನಿಜ. ಆದರೆ ಸಾವಿರಾರು ಜನ ಅದರಿಂದ ನಡೆದಿದ್ದಾರೆ.

ಇದಕ್ಕೂ ಮೊದಲು, ಯಾಕೆ ಕೂಡಲಿಲ್ಲ ಎಂದು ತಿಳಿಯಬೇಕು. ಒಳಗೆ ಸೋಂಕಿದೆಯೇ, ರಾಡು ಸಡಿಲವಾಗಿದೆಯೇ, ಸಕ್ಕರೆ ಕಾಯಿಲೆ ಇದೆಯೇ? ಮಗ ಬೀಡಿ ಸಿಗರೇಟು ಸೇದುತ್ತಿದ್ದರೆ ಇವತ್ತೇ ಬಿಡಿಸಿ. ಅದು ಮೂಳೆ ಕೂಡುವುದನ್ನು ತಡೆಯುತ್ತದೆ. ಮೊದಲ ದಿನದಿಂದ ತೆಗೆದ ಎಕ್ಸ್‌ರೇಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡು, ಕೂಡದ ಮೂಳೆಗಳನ್ನೇ ಹೆಚ್ಚಾಗಿ ನೋಡುವ ಇನ್ನೊಬ್ಬ ಮೂಳೆ ಡಾಕ್ಟರ ಹತ್ತಿರ ಹೋಗಿ. ಅವರೇನು ಹೇಳಿದರೆಂದು ನಮಗೊಂದು ಸಾಲು ಬರೆಯಿರಿ.