ಒಂದೇ ನೀಲಿ ಹೂವಿಗೆ ಮೂರು ಹೆಸರು

ಪ್ರಶ್ನೆ: ಮ್ಯೂನಿಕ್ ಸಮೀಪದ ಬೀಚ್ ಮರಗಳ ಕಾಡಿನಲ್ಲಿ, ಮರಗಳಿನ್ನೂ ಚಿಗುರದ ಮಾರ್ಚ್ ಕೊನೆಯಲ್ಲಿ, ತರಗೆಲೆಗಳ ನಡುವೆ ಗೇಣುದ್ದವೂ ಇಲ್ಲದ ನೀಲಿ ಹೂಗಳನ್ನು ಕಂಡೆ. ಎಲೆಗೆ ಮೂರು ಹಾಲೆಗಳಿವೆ, ಅಂದರೆ ಅಂಚು ಮೂರು ಭಾಗಗಳಾಗಿ ಸೀಳಿದೆ. ಒಂದು ಪುಸ್ತಕ ಇದನ್ನು ‘ಅನೆಮೋನೆ ಹೆಪಾಟಿಕಾ’ ಎನ್ನುತ್ತದೆ, ಇನ್ನೊಂದು ‘ಹೆಪಾಟಿಕಾ ನೋಬಿಲಿಸ್’ ಎನ್ನುತ್ತದೆ, ನರ್ಸರಿಯ ಚೀಟಿಯಲ್ಲಿ ‘ಹೆಪಾಟಿಕಾ ಟ್ರೈಲೋಬಾ’ ಎಂದಿತ್ತು. ಇವು ಬೇರೆ ಬೇರೆ ಗಿಡಗಳೇ?
– ಓದುಗರೊಬ್ಬರು, ಮ್ಯೂನಿಕ್

ಉತ್ತರ: ಅಲ್ಲ, ಮೂರೂ ಒಂದೇ ಗಿಡದ ಹೆಸರುಗಳು. ನೀವು ಕಂಡದ್ದು ಜರ್ಮನ್ನರು ‘ಲೇಬರ್‌ಬ್ಲ್ಯೂಮ್‌ಶೆನ್’, ಅಂದರೆ ಪುಟ್ಟ ಯಕೃತ್ತಿನ ಹೂವು, ಎಂದು ಕರೆಯುವ ಗಿಡ. ಮೂರು ಹಾಲೆಗಳ ಎಲೆಯೂ ಅದರ ಅಡಿಯ ಕೆನ್ನೇರಳೆ ಬಣ್ಣವೂ ಯಕೃತ್ತನ್ನು ಹೋಲುವುದರಿಂದ ಇದು ಆ ಅಂಗದ ಕಾಯಿಲೆಗೆ ಮದ್ದು ಎಂದು ಹಿಂದಿನವರು ನಂಬಿದ್ದರು. ಹಸಿ ಗಿಡದ ರಸ ಚರ್ಮವನ್ನು ಕೆರಳಿಸುತ್ತದೆಯಾದ್ದರಿಂದ ಆ ನಂಬಿಕೆಯನ್ನು ಪರೀಕ್ಷಿಸಲು ಹೋಗಬೇಡಿ.

ಗುರುತು ಖಚಿತಪಡಿಸಿಕೊಳ್ಳಲು ಹೂವನ್ನು ಕೀಳದೆ ಮೆಲ್ಲನೆ ಓರೆ ಮಾಡಿ ಅದರ ಅಡಿಯನ್ನು ನೋಡಿ. ಪುಷ್ಪಪಾತ್ರೆಯಂತೆ, ಅಂದರೆ ಹೂವಿನ ಬುಡದ ಹಸಿರು ಬಟ್ಟಲಿನಂತೆ, ಕಾಣುವ ಮೂರು ಹಸಿರು ಎಸಳುಗಳಿಗೂ ಹೂವಿಗೂ ನಡುವೆ ತುಸು ತೊಟ್ಟು ಕಾಣುತ್ತದೆ. ಆದ್ದರಿಂದ ಅವು ಪುಷ್ಪಪಾತ್ರೆಯಲ್ಲ, ಹೂವಿಗೆ ತೀರ ಹತ್ತಿರ ಸರಿದು ಬಂದ ಪುಟ್ಟ ಎಲೆಗಳು. ಅದೇ ಕಾಡಿನಲ್ಲಿ ಅರಳುವ ಬಿಳಿಯ ‘ಅನೆಮೋನೆ ನೆಮೊರೋಸಾ’ದಲ್ಲಿ ಈ ಮೂರು ಎಲೆಗಳು ಆಳವಾಗಿ ಸೀಳಿಕೊಂಡು, ಹೂವಿಗಿಂತ ಸಾಕಷ್ಟು ಕೆಳಗೆ ನಿಂತಿರುತ್ತವೆ.

ಇನ್ನು ಹೆಸರಿನ ಗೊಂದಲ. ಸಸ್ಯದ ವೈಜ್ಞಾನಿಕ ಹೆಸರಿನಲ್ಲಿ ಮೊದಲ ಪದ ಕುಲದ್ದು, ಎರಡನೆಯದು ಆ ಕುಲದೊಳಗಿನ ಪ್ರಭೇದದ್ದು. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದನ್ನು ಅನೆಮೋನೆ ಕುಲಕ್ಕೆ ಸೇರಿಸಿ ‘ಹೆಪಾಟಿಕಾ’ ಎಂಬ ಪ್ರಭೇದನಾಮ ಕೊಟ್ಟ. ಗಿಡವನ್ನು ಬೇರೆ ಕುಲಕ್ಕೆ ವರ್ಗಾಯಿಸಿದಾಗ ಹಳೆಯ ಪ್ರಭೇದನಾಮವೂ ಜೊತೆಗೇ ಹೋಗಬೇಕೆಂಬುದು ನಿಯಮ. ಇದನ್ನು ಹೆಪಾಟಿಕಾ ಎಂಬ ಪ್ರತ್ಯೇಕ ಕುಲಕ್ಕೆ ತಂದಾಗ ಹಾಗೆ ಮಾಡಿದ್ದರೆ ಇದು ‘ಹೆಪಾಟಿಕಾ ಹೆಪಾಟಿಕಾ’ ಆಗುತ್ತಿತ್ತು. ಪ್ರಾಣಿಶಾಸ್ತ್ರದಲ್ಲಿ ಇಂಥ ಜೋಡಿಗೆ ಅಡ್ಡಿಯಿಲ್ಲ, ನಮ್ಮ ನಾಗರಹಾವು ‘ನಾಜಾ ನಾಜಾ’ ಎಂದೇ ನೆಮ್ಮದಿಯಾಗಿದೆ. ಸಸ್ಯಶಾಸ್ತ್ರ ಮಾತ್ರ ಇದನ್ನು ಒಪ್ಪುವುದಿಲ್ಲ. ಹಾಗಾಗಿ ಜರ್ಮನ್ ಸಸ್ಯವಿಜ್ಞಾನಿ ಶ್ರೇಬರ್ 1771ರಲ್ಲಿ ಕೊಟ್ಟ ‘ನೋಬಿಲಿಸ್’ ನಿಂತಿತು, ಅದಕ್ಕಿಂತ ತಡವಾಗಿ ಬಂದ ‘ಟ್ರೈಲೋಬಾ’ ಬರೀ ಪರ್ಯಾಯನಾಮವಾಯಿತು. ನರ್ಸರಿಯವರು ಅದನ್ನೇಕೋ ಬಿಡುತ್ತಿಲ್ಲ.

ಉಳಿದ ಎರಡು ಹೆಸರುಗಳಲ್ಲಿ ಯಾವುದನ್ನೂ ತಪ್ಪೆನ್ನಲಾಗದು. ಹೆಪಾಟಿಕಾ ಗುಂಪು ಹಳೆಯ ಅನೆಮೋನೆ ಕುಲದ ಒಳಗೇ ಹುಟ್ಟಿದ ಕವಲು ಎಂದು ಡಿಎನ್‌ಎ ಅಧ್ಯಯನಗಳು ತೋರಿಸಿದ ಮೇಲೆ, ಎಲ್ಲವನ್ನೂ ಒಂದೇ ಅನೆಮೋನೆ ಎನ್ನುವವರು ಲಿನೇಯಸನ ಹೆಸರಿಗೆ ಮರಳಿದರು. ಅನೆಮೋನೆಯನ್ನೇ ಹಲವು ಕುಲಗಳಾಗಿ ಒಡೆಯುವವರು ಹೆಪಾಟಿಕಾವನ್ನು ಉಳಿಸಿಕೊಂಡರು. ಒಡೆಯುವವರ ಲೆಕ್ಕದಲ್ಲಿ ಮೇಲೆ ಹೇಳಿದ ಬಿಳಿ ಹೂವು ‘ಅನೆಮೊನಾಯ್ಡಿಸ್ ನೆಮೊರೋಸಾ’. ಕಾಡಿನಲ್ಲಿ ಕಂಡ ತಕ್ಷಣ ಗುರುತಾಗುವ ಗುಂಪಿಗೆ ಅದರದೇ ಹೆಸರಿರಲಿ ಎಂಬ ಕಾರಣಕ್ಕೆ ನನ್ನ ಒಲವು ‘ಹೆಪಾಟಿಕಾ ನೋಬಿಲಿಸ್’ ಕಡೆಗಿದೆ. ನಿಮ್ಮ ಟಿಪ್ಪಣಿಯಲ್ಲಿ ಅದನ್ನು ಬರೆದು, ಕಂಸದಲ್ಲಿ ಇನ್ನೊಂದನ್ನೂ ಸೇರಿಸಿ.

ಈ ಒಡಕು ನಮ್ಮ ಕಡೆಗೂ ತಲುಪಿದೆ. ನೀಲಗಿರಿಯ ಎತ್ತರದ ತೇವದ ಹುಲ್ಲುಗಾವಲುಗಳಲ್ಲಿ ಬಿಳಿ ಹೂ ಬಿಡುವ ‘ಅನೆಮೋನೆ ರಿವುಲಾರಿಸ್’ 2018ರಲ್ಲಿ ‘ಎರಿಯೊಕಾಪಿಟೆಲ್ಲಾ ರಿವುಲಾರಿಸ್’ ಆಯಿತು. ಊರಿಗೆ ಬಂದಾಗ ಅದನ್ನು ನೋಡಲು ಹೊರಟರೆ, ಹಳೆಯ ಪುಸ್ತಕಗಳಲ್ಲಿ ಮೊದಲ ಹೆಸರನ್ನೇ ಹುಡುಕಿ.