ಅರೆಬೋಳು ಹುಲ್ಲುಹಾಸು ಮತ್ತು ಎದುರುಮನೆಯ ಕಣ್ಣು

ಓದುಗರೊಬ್ಬರ ಪತ್ರ: ‘ಮನೆ ಮುಂದಿನ ಹುಲ್ಲುಹಾಸು ಹಾಳಾಗಿದೆ. ಅಲ್ಲಿಷ್ಟು ಹಸಿರು, ಇಲ್ಲಿಷ್ಟು ಬರೀ ಮಣ್ಣು, ಮೂಲೆಯಲ್ಲಿ ಜೇಕು. ಎದುರುಮನೆಯವರು ಗೇಟಿನಲ್ಲಿ ನಿಂತರೆ ನನಗೆ ಮುಜುಗರ. ಸರಿಪಡಿಸೋಣವೆಂದರೆ ನೀರು, ಗೊಬ್ಬರ, ಭಾನುವಾರಗಳು ಎಲ್ಲವೂ ಅದರ ಪಾಲಾಗುತ್ತವೆ ಎಂದು ಕೈ ಹಿಂದಾಗುತ್ತದೆ. ಯಜಮಾನರು ಟೈಲ್ಸ್ ಹಾಕಿಸಿಬಿಡೋಣ ಎನ್ನುತ್ತಾರೆ. ಅದಕ್ಕೂ ಮನಸ್ಸು ಒಪ್ಪದು. ಮಕ್ಕಳು ಅಂಬೆಗಾಲಿಟ್ಟದ್ದು ಅದೇ ಹುಲ್ಲಿನ ಮೇಲೆ. ಏನು ಮಾಡಲಿ?’

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಗೊಬ್ಬರದ ಪ್ರಶ್ನೆ ಎಂದುಕೊಂಡೆ. ಎರಡನೆಯ ಸಲ ‘ಮುಜುಗರ’ ಎಂಬ ಮಾತಿನಲ್ಲಿ ಕಣ್ಣು ನೆಟ್ಟಿತು.

ಹುಲ್ಲುಹಾಸಿಗೂ ನೆರೆಯವರ ಅಂಜಿಕೆಗೂ ಹಳೆಯ ನಂಟು. ಇಂಗ್ಲೆಂಡಿನ ಸಿರಿವಂತರು ಬಂಗಲೆಗಳ ಸುತ್ತ ಹುಲ್ಲು ಬೆಳೆಸುತ್ತಿದ್ದ ಕಾಲದಲ್ಲಿ ಅದನ್ನು ಸವರಿ ಸಮ ಮಾಡುತ್ತಿದ್ದುದು ಆಳುಗಳ ಕುಡುಗೋಲು, ಇಲ್ಲವೇ ಕುರಿಗಳ ಹಲ್ಲು. ಕಾಳು ಬೆಳೆಯಬಹುದಾದ ನೆಲವನ್ನು ಸುಮ್ಮನೆ ಹಸಿರಾಗಿ ಬಿಟ್ಟಿದ್ದೇನೆ ನೋಡಿ ಎಂಬ ಜಂಬ ಅದರಲ್ಲಿತ್ತು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಮೇಲೆ ಎದ್ದ ಎಳೆಗಳನ್ನು ಸವರುವ ಯಂತ್ರದಿಂದ ಅವನಿಗೆ ಆ ಯೋಚನೆ ಹೊಳೆದದ್ದು. ಜನ ನಕ್ಕಾರೆಂದು ರಾತ್ರಿ ಹೊತ್ತು ಅದನ್ನು ಓಡಿಸಿ ನೋಡುತ್ತಿದ್ದನೆಂಬ ಪ್ರತೀತಿಯೂ ಇದೆ. ಎದುರುಮನೆಯವರಿಗೆ ಹೆದರಿದವರಲ್ಲಿ ನೀವು ಮೊದಲಿಗರೇನೂ ಅಲ್ಲ ಎಂದು ಹೇಳಲು ಇಷ್ಟು ದೂರ ಹೋದೆ.

ಈಗ ನಿಮ್ಮ ಅಂಗಳಕ್ಕೆ ಬರೋಣ. ಬೀಜವನ್ನೋ ಗೊಬ್ಬರವನ್ನೋ ತರುವ ಮುನ್ನ, ನೀರು ಹಾಕಿದ ಮರುದಿನ, ಒಂದು ಉದ್ದನೆಯ ಸ್ಕ್ರೂಡ್ರೈವರ್ ಹಿಡಿದು ಹೊರಗೆ ಹೋಗಿ ಮಂಡಿಯೂರಿ. ಹಸಿರಿರುವಲ್ಲಿ ಚುಚ್ಚಿ, ಬೋಳಾದಲ್ಲಿ ಚುಚ್ಚಿ. ಒಂದು ಕಡೆ ಹಿಡಿಯವರೆಗೂ ಸಲೀಸಾಗಿ ಇಳಿದು, ಇನ್ನೊಂದು ಕಡೆ ಎರಡು ಬೆರಳಿಗೇ ನಿಂತುಬಿಟ್ಟರೆ ಮಣ್ಣು ತುಳಿತಕ್ಕೆ ಸಿಕ್ಕಿ ಗಟ್ಟಿಯಾಗಿದೆ ಎಂದು ಅರ್ಥ. ಅಂಥಲ್ಲಿ ಬೇರಿಗೆ ಗಾಳಿಯೂ ಇಲ್ಲ, ನೀರೂ ಇಲ್ಲ. ಮೇಲೆ ಎಷ್ಟು ಬೀಜ ಚೆಲ್ಲಿದರೂ ಹಕ್ಕಿಗಳ ಹೊಟ್ಟೆ ತುಂಬುತ್ತದೆ, ಅಷ್ಟೇ. ನೆಲ ತೇವವಿರುವಾಗ ಹಾರೆಯಿಂದ ಗೇಣಿಗೊಂದು ತೂತು ಮಾಡಿ, ಜರಡಿ ಹಿಡಿದ ಕಾಂಪೋಸ್ಟ್ ಗೊಬ್ಬರವನ್ನು ಅದರೊಳಗೆ ಗುಡಿಸಿ ತುಂಬಿದರೆ ಹುಲ್ಲು ಮತ್ತೆ ಹಿಡಿಯುವ ಸಾಧ್ಯತೆಯಿದೆ. ಬೋಳು ಜಾಗ ಗೇಟಿನಿಂದ ಮೆಟ್ಟಿಲಿನವರೆಗೆ ಪಟ್ಟಿಯಂತೆ ಹಬ್ಬಿದೆಯೋ? ಹಾಗಾದರೆ ಅಲ್ಲಿ ನಿಮ್ಮ ಮನೆಮಂದಿಯೇ ಕಾಲುದಾರಿ ಮಾಡಿಕೊಂಡಿದ್ದಾರೆ. ನಾಲ್ಕು ಚಪ್ಪಡಿ ಕಲ್ಲು ಹಾಕಿ, ಜಗಳ ಮುಗಿಯಿತು.

ಬೋಳಾದ ಅಂಚಿನಲ್ಲಿ ಒಂದು ಹಿಡಿ ಹುಲ್ಲನ್ನು ಎಳೆದು ನೋಡಿ. ಚಾಪೆ ಎತ್ತಿದ ಹಾಗೆ ಬೇರಿಲ್ಲದೆ ಎದ್ದು ಬಂದರೆ ಕೆಳಗೆ ಗೊಣ್ಣೆಹುಳು ಬೇರು ತಿನ್ನುತ್ತಿರಬಹುದು. ಕೈಯಗಲ ಮಣ್ಣು ಕೆದಕಿದರೆ ಬಿಳಿಯ ಮೈ ಸುರುಳಿ ಸುತ್ತಿಕೊಂಡು ಮಲಗಿರುತ್ತದೆ. ತಟ್ಟೆಯಗಲ ಒಣಗಿ, ಸುತ್ತ ಕಡುಹಸಿರಿನ ಬಳೆ ಮೂಡಿದ್ದರೆ ಅದು ನಾಯಿಯ ಕೆಲಸ. ಮೂತ್ರದ ಸಾರಜನಕ ನಡುವೆ ಸುಡುತ್ತದೆ, ಅಂಚಿನಲ್ಲಿ ತೆಳುವಾಗಿ ಗೊಬ್ಬರವಾಗುತ್ತದೆ. ಮೂಲೆಯ ಜೇಕಿನ ಕಾಂಡ ಬೆರಳ ನಡುವೆ ಹೊರಳಿಸಿದರೆ ಮೂರು ಅಂಚು ತಗಲುತ್ತದೆ. ಕಿತ್ತಷ್ಟೂ ನೆಲದೊಳಗಿನ ಗಡ್ಡೆಯಿಂದ ಮತ್ತೆ ಚಿಗುರುತ್ತದೆ; ಅಲ್ಲಿ ನೀರು ನಿಲ್ಲುತ್ತಿದ್ದರೆ ಮೊದಲು ಅದಕ್ಕೆ ದಾರಿ ಮಾಡಿಕೊಡಿ. ಮರದಡಿಯ ಬೋಳಿಗೆ ಮಾತ್ರ ನನ್ನಲ್ಲಿ ಮದ್ದಿಲ್ಲ. ಗರಿಕೆ ಜಾತಿಯ ಹುಲ್ಲಿಗೆ ಬಿಸಿಲೇ ಬೇಕು. ಉದುರಿದ ಎಲೆಯನ್ನು ಅಲ್ಲೇ ಹರಡಿ ಬಿಟ್ಟುಬಿಡಿ.

ನೀರಿನ ವಿಷಯದಲ್ಲಿ ನನ್ನದೇ ಪೆದ್ದುತನ ಹೇಳುತ್ತೇನೆ. ಒಂದು ಬೇಸಗೆಯಿಡೀ ದಿನಾ ಸಂಜೆ ಪೈಪು ಹಿಡಿದು ಹುಲ್ಲಿನ ತಲೆ ನೆನೆಸುತ್ತಿದ್ದೆ. ದೊಡ್ಡ ಸೇವೆ ಮಾಡಿದೆನೆಂಬ ಹೆಮ್ಮೆ ಬೇರೆ. ನಾಲ್ಕು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಎಲ್ಲವೂ ಹಪ್ಪಳದಂತೆ ಗರಿಗರಿಯಾಗಿತ್ತು. ಮೇಲಿನ ಅಂಗುಲ ಮಣ್ಣಿನಲ್ಲೇ ನೀರು ಸಿಗುತ್ತಿದ್ದರೆ ಬೇರು ಕೆಳಗಿಳಿಯುವ ತೊಂದರೆ ಏಕೆ ತೆಗೆದುಕೊಂಡೀತು? ಅಪರೂಪಕ್ಕೆ ಹಾಕಿ, ಆಳಕ್ಕೆ ಇಳಿಯುವಂತೆ ಹಾಕಿ. ಕತ್ತರಿಸುವಾಗಲೂ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಹುಲ್ಲಿನ ಬೆಳೆಯುವ ಮೊಗ್ಗು ಬುಡದ ಬಳಿ ಇರುವುದರಿಂದಲೇ ಅದು ಕತ್ತರಿಯನ್ನು ಸಹಿಸುತ್ತದೆ. ಬುಡವನ್ನೇ ಬೋಳಿಸಿದರೆ ಸಹಿಸದು. ಕತ್ತರಿಸಿದ ತುಣುಕುಗಳು ಅಲ್ಲೇ ಬಿದ್ದಿರಲಿ, ಕೊಳೆತು ಸಾರಜನಕವಾಗುತ್ತವೆ.

ಕಳೆ ಎನ್ನುವುದೂ ಸ್ವಲ್ಪ ಮಟ್ಟಿಗೆ ಕಾಲದ ಮಾತು. ಬಿಳಿ ಕ್ಲೋವರ್ ಎಂಬ ಸಣ್ಣ ಮೂರೆಲೆ ಗಿಡವನ್ನು ತಂಪು ದೇಶಗಳಲ್ಲಿ ಹಿಂದೆ ಹುಲ್ಲಿನ ಬೀಜದ ಜತೆ ಬೇಕೆಂದೇ ಬಿತ್ತುತ್ತಿದ್ದರು. ದ್ವಿದಳ ಜಾತಿಯದಾದ್ದರಿಂದ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ. 1940ರ ದಶಕದಲ್ಲಿ 2,4-ಡಿ ಎಂಬ ಕಳೆನಾಶಕ ಬಂತು. ಅದು ಹುಲ್ಲನ್ನು ಉಳಿಸಿ ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತದೆ, ಕ್ಲೋವರನ್ನೂ. ಆಮೇಲೆ ಕ್ಲೋವರೂ ಕಳೆಗಳ ಪಟ್ಟಿಗೆ ಸೇರಿಹೋಯಿತು.

ನಿಮ್ಮ ಜಾಗದಲ್ಲಿ ನಾನಿದ್ದರೆ ಅರ್ಧ ಮಾತ್ರ ಸರಿಪಡಿಸುತ್ತಿದ್ದೆ. ಮಕ್ಕಳು ಅಂಬೆಗಾಲಿಟ್ಟ, ಬಿಸಿಲು ಬೀಳುವ ಆ ತುಂಡು ನಿಮಗೆ ಬೇಕು. ಅದಕ್ಕೆ ಭಾನುವಾರ ಕೊಟ್ಟರೂ ನಷ್ಟವಿಲ್ಲ. ಬೇಲಿಯಂಚು, ಮರದಡಿ, ಮೂಲೆ ಇವೆಲ್ಲ ಎದುರುಮನೆಯವರಿಗಾಗಿ ನೀವು ಹೊತ್ತುಕೊಂಡಿರುವ ಹೊರೆ. ಅಲ್ಲಿ ಏನು ಬಂದರೂ ಬರಲಿ, ಅಂಚಿನ ಗೆರೆಯನ್ನು ನೀಟಾಗಿ ಸವರಿಡಿ. ಅಂಚು ನೇರವಾಗಿದ್ದರೆ ಒಳಗಿನ ಕಾಡನ್ನೂ ಜನ ‘ಬೇಕೆಂದೇ ಬಿಟ್ಟಿದ್ದಾರೆ’ ಎಂದುಕೊಳ್ಳುತ್ತಾರೆ. ಇದು ಸ್ವಲ್ಪ ಮೋಸವೇ, ಆದರೆ ಕೆಲಸ ಮಾಡುತ್ತದೆ.

ಟೈಲ್ಸಿಗೆ ನನ್ನ ಒಪ್ಪಿಗೆಯಿಲ್ಲ. ಮಳೆಯ ನೀರು ಒಳಗೆ ಇಂಗದೆ ರಸ್ತೆಗೆ ಓಡುತ್ತದೆ. ಹಗಲು ಹೀರಿದ ಬಿಸಿಯನ್ನು ನೆಲ ರಾತ್ರಿ ಮನೆಗೆ ಉಗುಳುತ್ತದೆ. ಪತ್ರದ ಕೊನೆಗೆ, ಸಹಿಯ ಕೆಳಗೆ, ‘ಪ್ಲಾಸ್ಟಿಕ್ ಹುಲ್ಲು ಹೇಗೆ?’ ಎಂದೂ ಕೇಳಿದ್ದೀರಿ. ಅದನ್ನು ಹಾಸಿರುವ ಜಾಗ ಎಲ್ಲಾದರೂ ಸಿಕ್ಕರೆ ಉರಿಬಿಸಿಲಿನ ಮಧ್ಯಾಹ್ನ ಚಪ್ಪಲಿ ಬಿಟ್ಟು ಒಂದು ನಿಮಿಷ ನಿಲ್ಲಿ. ಯಜಮಾನರನ್ನೂ ಜತೆಗೆ ಕರೆದೊಯ್ಯಿರಿ.